ಬಲಗಡೆ ಅಂದುಬಿಟ್ಟೆ

ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದವರು, ಅವರ ಅಕ್ಕತಂಗಿಯರು, ಗಂಡಂದಿರು, ಯಾರ ಯಾರದೋ ಕಡೆಯಿಂದ ನನ್ನ ನಂಬರು ಹುಡುಕಿ ಫೋನು ಮಾಡುತ್ತಾರೆ. ಎಷ್ಟು ಜನ ಡಾಕ್ಟರಿಗೆ ತೋರಿಸಿದಿರಿ, ಇನ್ನೊಬ್ಬರ ಹತ್ತಿರ ಹೋದರೆ ಮೊದಲನೆಯವರಿಗೆ ಬೇಜಾರಾಗುವುದಿಲ್ಲವೇ, ಒಂದೇ ಕಿಡ್ನಿ ಇಟ್ಟುಕೊಂಡು ದಿನವಿಡೀ ಹೊಲಿಗೆ ಮಿಷನ್ ತುಳಿಯಬಹುದೇ ಎಂದೆಲ್ಲ ಕೇಳುತ್ತಾರೆ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. "ಮೂರು ಜನ ಮೂರು ಥರ ಹೇಳಿದಾಗ ನೀವು ಹೆಂಗೆ ಡಿಸೈಡ್ ಮಾಡಿದ್ರಿ ಮೇಡಂ?" ಬಹಳ ದಿನ ನಾನು "ಧೈರ್ಯ ಮಾಡಿದೆ ಅಷ್ಟೆ" ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ನಾನು ಒಂದು ಸುಳ್ಳು ಹೇಳಿದ್ದೆ.

ನನ್ನ ಹೆಸರು ನಾಗರತ್ನ. ಹೊಸಹಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಯಜಮಾನರು ರುದ್ರೇಶ್ ಅವರದು ಅತ್ತಿಗುಪ್ಪೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ನಮಗೆ ಮಕ್ಕಳಿಲ್ಲ. ಅದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಕಾಯಿಲೆ ಶುರುವಾದದ್ದೇ ಆ ದಾರಿಯಲ್ಲಿ.

ನಲವತ್ನಾಲ್ಕನೇ ವಯಸ್ಸಿನಲ್ಲಿ ನನ್ನ ಹೊಟ್ಟೆ ಮುಂದೆ ಬರತೊಡಗಿತು. ಲಂಗದ ಲಾಡಿ ಗಂಟು ಹಾಕಲು ಸಾಲದಾದಾಗ ಉದ್ದದ ಲಾಡಿ ಪೋಣಿಸಿಕೊಂಡೆ. ಬ್ಲೌಸಿನ ತೋಳು ಮಾತ್ರ ಸಡಿಲವಾಗುತ್ತಿತ್ತು, ಅಲ್ಲಿ ಒಳಗೆ ಹಿಡಿದುಕೊಂಡೆ. ಇಂಥ ಅಳತೆ ಯಾರಾದರೂ ಗಿರಾಕಿಯದ್ದಾಗಿದ್ದರೆ "ಒಂದ್ಸಲ ಡಾಕ್ಟರಿಗೆ ತೋರ್ಸ್ಕೊಳ್ಳಿ" ಎಂದು ಖಂಡಿತ ಹೇಳುತ್ತಿದ್ದೆ. ಊರಿನವರ ಸೊಂಟಕ್ಕೆಲ್ಲ ಟೇಪು ಹಿಡಿಯುವವಳಿಗೆ ತನ್ನ ಸೊಂಟ ಕಾಣಲಿಲ್ಲ.

ಕಾಣಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಒಂದು ದಿನ ಬ್ಲೌಸ್ ಒಯ್ಯಲು ಬಂದ ಪಕ್ಕದ ಬೀದಿಯ ಆಂಟಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ದನಿ ತಗ್ಗಿಸಿ, "ಏನ್ರೀ ರತ್ನಾ, ವಿಶೇಷಾನಾ?" ಎಂದರು. ಇಪ್ಪತ್ತು ವರ್ಷ ಕಾದಿದ್ದ ಮಾತು ಅದು. ನಾನು "ಛೆ, ಈ ವಯಸ್ಸಲ್ಲಾ?" ಎಂದು ನಕ್ಕೆ. ಆದರೆ ಅವರು ಹೋದ ಮೇಲೆ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿಕೊಂಡೆ. ಮುಟ್ಟು ಹೇಗೂ ಏರುಪೇರಾಗಿತ್ತು. ಐವತ್ತು ರೂಪಾಯಿಯ ಪರೀಕ್ಷೆಯಲ್ಲಿ ಗೊತ್ತಾಗುವುದನ್ನು ಗೊತ್ತು ಮಾಡಿಕೊಳ್ಳದೆ ಐದಾರು ವಾರ ಹಾಗೇ ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಮೂರ್ಖತನ ಎಂದು ಗೊತ್ತು, ಆದರೂ ಆ ವಾರಗಳಲ್ಲಿ ಸಂತೋಷವಾಗಿದ್ದೆ.

ಕೊನೆಗೆ ಊಟ ಸೇರದಾದಾಗ ಡಾಕ್ಟರಿಗೆ ತೋರಿಸಿದೆ. ಸ್ಕ್ಯಾನ್ ಮಾಡಿದ ಹುಡುಗಿ ಜೆಲ್ ಹಚ್ಚಿ, ಆ ಕೊಳವೆಯಂಥದ್ದನ್ನು ಹೊಟ್ಟೆಯ ಮೇಲೆ ಆಡಿಸುತ್ತಾ ಆಡಿಸುತ್ತಾ ಎಡಗಡೆ ನಿಲ್ಲಿಸಿ, ಒಳಗಿದ್ದ ಡಾಕ್ಟರನ್ನು ಕರೆದಳು. ಆಮೇಲೆ ಸೂಜಿ ಹಾಕಿ ಒಂದು ಚೂರು ತೆಗೆದು, ರಿಪೋರ್ಟಿಗೆ ಕಾದು, ಗೊತ್ತಾದದ್ದು ಇಷ್ಟು: ಹೊಟ್ಟೆಯ ಹಿಂಭಾಗದಲ್ಲಿ, ಎಡಗಡೆ ಕಿಡ್ನಿಯನ್ನು ಅಪ್ಪಿಕೊಂಡು ಬೆಳೆದಿರುವ ಒಂದು ಗಡ್ಡೆ. ಕೊಬ್ಬಿನಿಂದ ಹುಟ್ಟುವ, ಅಪರೂಪದ ಜಾತಿಯ ಕ್ಯಾನ್ಸರ್. ಇದಕ್ಕೆ ಮದ್ದಿಗಿಂತ ಕತ್ತಿಯೇ ಮುಖ್ಯ, ಆದರೆ ಕತ್ತಿ ಹಾಕಲು ಕಷ್ಟದ ಜಾಗ. ನನ್ನ ಅತ್ತೆ ಬದುಕಿದ್ದರೆ "ಹೇಳ್ತಿರ್ಲಿಲ್ವಾ, ನಿಂದು ಕೊಬ್ಬು ಕಣೇ" ಎನ್ನುತ್ತಿದ್ದರು. ಅದನ್ನು ಹೇಳಿ ಯಜಮಾನರನ್ನು ನಗಿಸಲು ನೋಡಿದೆ. ಅವರು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತರು.

ಅಲ್ಲಿಂದ ಸರ್ಜನ್‌ಗಳ ಸುತ್ತಾಟ ಶುರುವಾಯಿತು. ನಮ್ಮವರು ಸ್ಕ್ಯಾನಿನ ಫಿಲ್ಮುಗಳನ್ನು ಎರಡು ರಟ್ಟಿನ ನಡುವೆ ಇಟ್ಟು, ನಾಲ್ಕು ಮೂಲೆಗೂ ಟೇಪು ಸುತ್ತಿ, ಗಾಜು ಒಯ್ಯುವ ಹಾಗೆ ಎದೆಗೆ ಆನಿಸಿಕೊಂಡು ಒಯ್ಯುತ್ತಿದ್ದರು. ಮೆಟ್ರೋದಲ್ಲಿ ಯಾರಾದರೂ ಒರಗಿದರೆ "ಸಾರ್, ನಿಧಾನ, ಒಳಗೆ ಐಟಂ ಇದೆ" ಎನ್ನುತ್ತಿದ್ದರು. ಒಳಗಿದ್ದ ಐಟಂ ನಾನು.

ಮೊದಲನೆಯವರು ರಾಜಾಜಿನಗರದವರು. ವಯಸ್ಸಾದವರು, ಮೃದು ಮಾತು. ಫಿಲ್ಮು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ದೊಡ್ಡ ರಕ್ತನಾಳಕ್ಕೆ ಅಂಟ್ಕೊಂಡಿರೋ ಹಾಗಿದೆಯಮ್ಮ. ನಾನು ಮುಟ್ಟಲ್ಲ. ಮುಟ್ಟಿದ್ರೆ ಟೇಬಲ್ ಮೇಲೇನೇ ಏನಾದ್ರೂ ಆಗ್ಬೋದು. ಔಷಧಿಯಲ್ಲಿ ಇರೋಷ್ಟು ದಿನ ಆರಾಮಾಗಿ ಇಡಬಹುದು" ಎಂದರು. ಎರಡನೆಯವರು ಊರಿನ ಆ ತುದಿಯವರು. ಅವರ ಹೊರಗಿನ ಕುರ್ಚಿಗಳಲ್ಲಿ ನಾಲ್ಕು ಗಂಟೆ ಕಾದೆವು. ಪಕ್ಕದಲ್ಲಿ ಕೂತ ಹೆಂಗಸು ಚಿತ್ರಾನ್ನದ ಡಬ್ಬಿ ತೆಗೆದು, ಹೆಸರನ್ನೂ ಕೇಳದೆ ಮುಚ್ಚಳಕ್ಕೆ ಒಂದಿಷ್ಟು ಹಾಕಿ ನನ್ನ ಕೈಗಿಟ್ಟಳು. ಆ ಇಡೀ ದಿನದಲ್ಲಿ ಹೊಟ್ಟೆಗೆ ಇಳಿದದ್ದು ಅದೊಂದೇ. ಡಾಕ್ಟರು "ಆಗಬಹುದು, ಆಗದೇನೂ ಇರಬಹುದು, ತೆರೆದು ನೋಡಿದ ಮೇಲೆ ಹೇಳಬೇಕು" ಎಂದರು.

ಮೂರನೆಯವರು ಇಂಥದ್ದನ್ನೇ ಹೆಚ್ಚಾಗಿ ನೋಡುವವರು ಎಂದು ಕೇಳಿ ಹೋದೆವು. ನನಗಿಂತ ಚಿಕ್ಕವರು, ಹೆಂಗಸು. ಅವರು ಫಿಲ್ಮಿಗಿಂತ ಮೊದಲು ನನ್ನನ್ನು ಮಂಚದ ಮೇಲೆ ಮಲಗಿಸಿ ಎರಡೂ ಕೈಯಿಂದ ಹೊಟ್ಟೆ ಮುಟ್ಟಿ ನೋಡಿದರು. "ಎಡಗಡೆ ಕಿಡ್ನಿ ಹೋಗುತ್ತೆ. ಕರುಳೂ ಒಂದಷ್ಟು ಹೋಗುತ್ತೆ. ಗಡ್ಡೆ ಒಂದನ್ನೇ ಬಿಡಿಸಿ ತೆಗೆದ್ರೆ ವಾಪಸ್ ಬರುತ್ತೆ, ಸುತ್ತ ಮಾರ್ಜಿನ್ ಬೇಕು. ರಿಸ್ಕ್ ಇಲ್ಲ ಅಂತ ಹೇಳಲ್ಲ. ಆದ್ರೆ ನಾನು ತೆಗೀತೀನಿ" ಎಂದರು. ಮಾರ್ಜಿನ್ ಎಂಬ ಮಾತು ಕೇಳಿ ನನಗೆ ಉಸಿರು ಬಂದ ಹಾಗಾಯಿತು. ಹೊಲಿಗೆಯ ಗೆರೆಯಾಚೆ ಬಿಡುವ ಬಟ್ಟೆ ಅದು, ಬಟ್ಟೆ ಕತ್ತರಿಸುವವರು ದಿನಾ ಆಡುವ ಮಾತು. "ಎಷ್ಟು ಬಿಡ್ತೀರಾ ಮೇಡಂ?" ಎಂದು ಕೇಳಿಯೇಬಿಟ್ಟೆ. "ದೇಹ ಎಷ್ಟು ಕೊಡುತ್ತೋ ಅಷ್ಟು" ಎಂದು ನಕ್ಕರು. ನನ್ನ ತೀರ್ಮಾನ ಆ ಮಂಚದ ಮೇಲೆ ಆಗಿಹೋಯಿತು.

ನಮ್ಮವರ ತೀರ್ಮಾನ ಆಗಲಿಲ್ಲ. "ಅಷ್ಟು ವಯಸ್ಸಾದ ಡಾಕ್ಟ್ರೇ ಮುಟ್ಟಲ್ಲ ಅಂದ್ರು. ಈ ಹುಡುಗಿ ಮುಟ್ತೀನಿ ಅಂತಾಳೆ. ಯಾರ ಮಾತು ನಂಬೋದು ರತ್ನಾ?" ಎಂದು ಮನೆಯೊಳಗೆ ತಿರುಗಾಡಿದರು. ಆಪರೇಷನ್‌ಗೆ ಅವರ ಸಹಿ ಬೇಕಿತ್ತು, ಸಹಿಗಿಂತ ಹೆಚ್ಚಾಗಿ ನನಗೆ ಅವರ ಮನಸ್ಸು ಬೇಕಿತ್ತು. ಕೊನೆಗೆ ಅವರೇ ಹೇಳಿದರು, "ಅಮ್ಮನ ಹತ್ರ ಪ್ರಸಾದ ಕೇಳೋಣ. ಆಗಬಹುದು ಅಂದ್ರೆ ಮಾಡ್ಸೋಣ. ಬೇಡ ಅಂದ್ರೆ ಬೇಡ."

ಅಮ್ಮ ಎಂದರೆ ನಮ್ಮ ಮನೆದೇವರು. ಕೆಂಗೇರಿ ದಾಟಿ ಒಳಗೆ ಹೋದರೆ ಅವಳ ಚಿಕ್ಕ ಗುಡಿ. ಮದುವೆ, ಮನೆ ಕಟ್ಟುವುದು, ಯಾವುದಕ್ಕೂ ನಮ್ಮ ಕಡೆಯವರು ಅಲ್ಲಿ ಹೂ ಕೇಳುತ್ತಾರೆ. ಪೂಜಾರಪ್ಪ ಅಮ್ಮನ ಮೈಮೇಲೆ ಒದ್ದೆ ಹೂ ಅಂಟಿಸುತ್ತಾರೆ, ನಾವು ಮನಸ್ಸಿನಲ್ಲಿ ಕೇಳಿಕೊಂಡು ನಿಲ್ಲಬೇಕು. ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ.

ನಮ್ಮವರದು ಪುಕ್ಕಲು ಪ್ರಾಣ. ಕ್ರಿಕೆಟ್ಟಿನ ಕೊನೆಯ ಓವರನ್ನೂ ನೋಡಲಾರದೆ ಬೀದಿಗೆ ಹೋಗಿ ನಿಲ್ಲುವವರು. ಗುಡಿಯ ಬಾಗಿಲ ತನಕ ಬಂದವರು ಸ್ಕೂಟರ್ ಹತ್ತಿರವೇ ನಿಂತರು. "ನನ್ ಕೈಲಿ ನೋಡಕ್ಕಾಗಲ್ಲ ಕಣೇ. ನೀನೇ ಹೋಗಿ ಕೇಳ್ಕೊಂಡ್ ಬಾ."

ಒಳಗೆ ನಾನು, ಪೂಜಾರಪ್ಪ, ಅಮ್ಮ. ಕೈ ಮುಗಿದು ನಿಂತೆ. ಹೆಚ್ಚು ಹೊತ್ತು ಕಾಯಿಸಲಿಲ್ಲ. ಎಡಭುಜದ ಮೇಲಿದ್ದ ಕೆಂಪು ಹೂ ಜಾರಿ ಪೀಠದ ಮೇಲೆ ಬಿತ್ತು.

"ಎಡಕ್ಕಮ್ಮ" ಎಂದರು ಪೂಜಾರಪ್ಪ. ನನ್ನ ಮುಖ ನೋಡಿ, "ಇನ್ನೊಂದ್ಸಲ ಕೇಳ್ಕೋತೀರಾ?" ಎಂದರು. ಮತ್ತೆ ಹೂ ಅಂಟಿಸಿದರು. ಎರಡನೇ ಸಲ ಯಾವುದೂ ಬೀಳಲಿಲ್ಲ. ಕಾಲು ನೋಯುವ ತನಕ ನಿಂತೆ, ಬೀಳಲಿಲ್ಲ. ತೀರ್ಥ ತೆಗೆದುಕೊಂಡು ಹೊರಗೆ ಬಂದೆ.

ನಮ್ಮವರು ಸ್ಕೂಟರ್ ಹತ್ತಿರದಿಂದಲೇ ಹುಬ್ಬು ಎತ್ತಿದರು. ಗುಡಿಯ ಬಾಗಿಲಿನಿಂದ ಸ್ಕೂಟರಿನ ತನಕ ಹತ್ತು ಹೆಜ್ಜೆ. ಅಷ್ಟರಲ್ಲಿ ನನಗೆ ಬದುಕಬೇಕು ಎನ್ನಿಸಿತು, ಬೇರೆ ಏನೂ ಅನ್ನಿಸಲಿಲ್ಲ.

"ಬಲಗಡೆ" ಅಂದುಬಿಟ್ಟೆ.

ಅವರು ಅಲ್ಲೇ, ಧೂಳಿನಲ್ಲೇ, ಗುಡಿಯ ಕಡೆ ತಿರುಗಿ ಅಡ್ಡಬಿದ್ದರು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಿತಂತೆ. ಕಿಡ್ನಿ ಹೋಯಿತು, ಕರುಳು ಒಂದಷ್ಟು ಹೋಯಿತು, ರಕ್ತ ಬಾಟಲಿ ಮೇಲೆ ಬಾಟಲಿ ಏರಿಸಿದರಂತೆ. ಐ.ಸಿ.ಯು.ನಲ್ಲಿ ನೀರು ಕೊಡುವಂತಿರಲಿಲ್ಲ. ಕೇರಳದ ಒಬ್ಬ ನರ್ಸು ಹತ್ತಿ ಅದ್ದಿ ತುಟಿ ಒರೆಸುತ್ತಾ ಒಡಕು ಕನ್ನಡದಲ್ಲಿ "ಅಮ್ಮ, ಸ್ವಲ್ಪ ಸ್ವಲ್ಪ" ಎನ್ನುತ್ತಿದ್ದಳು. ಮೂರನೇ ದಿನ ಆಯಾ ಬಂದು ಗಂಟುಗಂಟಾಗಿದ್ದ ತಲೆ ಬಿಡಿಸಿ ಜಡೆ ಹಾಕಿದಳು. ನೋವಿನ ನಡುವೆಯೂ ನನಗೆ ಹೆದರಿಕೆ ಇದ್ದದ್ದು ಒಂದಕ್ಕೇ, ನಾನು ಅಮ್ಮನ ಮಾತು ಮೀರಿ ಇಲ್ಲಿ ಮಲಗಿದ್ದೇನೆ. ಹೊಲಿಗೆ ಒಂದು ಕಡೆ ಕೀವಾದಾಗ ಇದೋ ಬಂತು ಎಂದುಕೊಂಡೆ. ಜ್ವರ ಬಂದಾಗಲೂ ಹಾಗೇ ಅಂದುಕೊಂಡೆ. ಎರಡೂ ವಾಸಿಯಾದವು.

ಮನೆಗೆ ಬಂದ ಮೇಲೆ ಆಗಾಗ ಸ್ಕ್ಯಾನು. ಈ ಜಾತಿ ಮತ್ತೆ ಬರಬಹುದು ಎಂದು ಮೇಡಂ ಮೊದಲೇ ಹೇಳಿದ್ದರು, ಅದನ್ನು ಇಟ್ಟುಕೊಂಡೇ ಬದುಕುವುದನ್ನು ಕಲಿತೆ. ಒಂದು ಗಂಟೆ ಹೊಲಿದರೆ ಅರ್ಧ ಗಂಟೆ ಮಲಗುವುದು. ಇದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನಮ್ಮವರ ಭಕ್ತಿ.

ಅಂಗಡಿಗೆ ಬಂದವರಿಗೆಲ್ಲ ಅವರು ಕಥೆ ಹೇಳುತ್ತಿದ್ದರು. "ದೊಡ್ಡ ದೊಡ್ಡ ಡಾಕ್ಟ್ರುಗಳೇ ಕೈ ಎತ್ಬಿಟ್ರು ಸಾರ್. ಅಮ್ಮ ಬಲಗಡೆ ಹೂ ಕೊಟ್ಳು. ನೋಡಿ, ನಮ್ಮನೆಯವಳು ಮಿಷನ್ ತುಳೀತಾವ್ಳೆ." ಅಮ್ಮನ ಫೋಟೋಗೆ ಕಟ್ಟು ಹಾಕಿ ಬಾಗಿಲಿಗೆ ಎದುರಾಗಿ ತೂಗುಹಾಕಿದರು. ಸಂಕಟದಲ್ಲಿದ್ದವರು ದಾರಿ ಕೇಳಿಕೊಂಡು ಗುಡಿಗೆ ಹೋಗತೊಡಗಿದರು. ದಿನಾ ಎಷ್ಟೋ ಜನರಿಗೆ ಹೂ ಅಂಟಿಸುವ ಪೂಜಾರಪ್ಪನವರಿಗೆ ನನ್ನ ಹೂ ಯಾವ ಕಡೆ ಬಿತ್ತೆಂದು ನೆನಪಿರಲಿಲ್ಲವೋ ಏನೋ. ನಾನು ಊಟದ ಡಬ್ಬಿ ಕೊಡಲು ಹೋದಾಗ ಯಾರಾದರೂ ನನ್ನನ್ನು ನೋಡಿ ಕೈ ಮುಗಿದರೆ ತಲೆ ತಗ್ಗಿಸಿ ಬರುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಿದ್ದರು.

ಹಾಗೆ ಹೋದವರಲ್ಲಿ ಶಾಂತವ್ವ ಒಬ್ಬಳು. ಬಾದಾಮಿ ಕಡೆಯವಳು, ಅಂಗಡಿಯ ಮಹಡಿಯ ಮೇಲಿನ ಪಿ.ಜಿ.ಯಲ್ಲಿ ರೊಟ್ಟಿ ಮಾಡುತ್ತಾಳೆ. ಗಂಡ ತೀರಿಕೊಂಡಿದ್ದಾನೆ, ಗಟ್ಟಿ ಹೆಂಗಸು. ಅವಳಿಗೆ ಅಂಡಾಶಯದಲ್ಲಿ ಗಡ್ಡೆ ಎಂದಾಗ, ಸರ್ಕಾರಿ ಆಸ್ಪತ್ರೆಯವರು ಬೇಗ ಅಡ್ಮಿಟ್ ಆಗು, ತೆಗೆಯಬೇಕು ಎಂದು ಚೀಟಿ ಬರೆದುಕೊಟ್ಟಿದ್ದರು. ಅಲ್ಲಿ ಮೂರು ಅಭಿಪ್ರಾಯ ಇರಲೇ ಇಲ್ಲ, ಇದ್ದದ್ದು ಒಂದೇ. ಆದರೂ ನಮ್ಮವರು "ಯಾವ್ದಕ್ಕೂ ಒಂದ್ಸಲ ಅಮ್ಮನ್ನ ಕೇಳ್ಬಿಡು ತಾಯಿ" ಎಂದು ತಾವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದರು, "ಪಾಪ, ಅವಳಿಗೆ ಎಡಕ್ಕೆ ಬಿತ್ತು ರತ್ನಾ. ಬೇಡ ಅಂದ್ಳು ಅಮ್ಮ. ನಾಟಿ ಔಷಧಿ ಮಾಡ್ಕೋತೀನಿ ಅಂತವ್ಳೆ."

ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ. ಆಗಲೇ ಬಾಯಿ ಬಿಡಬೇಕಿತ್ತು.

ಯಾಕೆ ಬಿಡಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಗಂಡನ ಭಯವಲ್ಲ, ಅವರು ನನಗೆ ಕೈ ಎತ್ತಿದವರಲ್ಲ. ಹೇಳಿದರೆ ನನ್ನ ಕಾಯಿಲೆ ವಾಪಸ್ ಬರುತ್ತದೆ ಎಂಬ ಭಯ. ಹೂವಿನ ಮಾತು ಸುಳ್ಳು ಎಂದು ಬದುಕಿ ತೋರಿಸಿದವಳೇ ನಾನು, ಆದರೂ ಹೂವಿಗೆ ಹೆದರುತ್ತಿದ್ದೆ. ಅಮ್ಮ ಮರೆತಿದ್ದಾಳೆ, ನಾನಾಗಿ ನೆನಪಿಸುವುದು ಬೇಡ ಎಂಬಂಥ ಕಳ್ಳ ಲೆಕ್ಕ. ನನ್ನ ಜೀವ ಉಳಿಸಿಕೊಳ್ಳಲು ಇನ್ನೊಬ್ಬಳ ಜೀವ ಹೋದರೂ ಸರಿ ಎಂದೇ ಅದರ ಅರ್ಥ. ಆಗ ಹಾಗೆ ಬಿಡಿಸಿ ನೋಡಿಕೊಳ್ಳಲಿಲ್ಲ. ನಾಳೆ ಹೇಳೋಣ, ಸ್ಕ್ಯಾನ್ ಮುಗಿದ ಮೇಲೆ ಹೇಳೋಣ ಎಂದು ನಾಲ್ಕು ತಿಂಗಳು ದೂಡಿದೆ.

ಒಂದು ಮಧ್ಯಾಹ್ನ ಶಾಂತವ್ವ ಎರಡು ಬ್ಲೌಸ್ ಹಿಡಿದು ಬಂದಳು. "ಅಕ್ಕಾರ, ತೋಳು ಭಾಳ ಸಡಲ ಆಗ್ಯಾವ್ರಿ. ಒಂಚೂರು ಒಳಗ ಹಿಡದು ಕೊಡ್ರಿ." ಅಳತೆಗೆ ಅವಳು ಕೈ ಎತ್ತಿದಳು. ರೊಟ್ಟಿ ತಟ್ಟುವ ಆ ದಪ್ಪ ತೋಳು ಕಡ್ಡಿಯಾಗಿತ್ತು. ಸೆರಗಿನ ಕೆಳಗೆ ಹೊಟ್ಟೆ ಮುಂದೆ ಬಂದು ಬಿಗಿಯಾಗಿತ್ತು. ಟೇಪು ಸುತ್ತಿ ಪಕ್ಕಕ್ಕಿಟ್ಟೆ.

"ಶಾಂತವ್ವ, ಕೂತ್ಕೋ. ನಾನೊಂದು ಹೇಳ್ಬೇಕು."

ಹೇಳಿದೆ. ಎಡಕ್ಕೆ ಬಿದ್ದದ್ದು, ಎರಡನೇ ಸಲ ಬೀಳದೇ ಹೋದದ್ದು, ಸ್ಕೂಟರ್ ಹತ್ತಿರ ನಾನು ಅಂದ ಮಾತು, ಎಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮಡಿಲಲ್ಲಿದ್ದ ಬ್ಲೌಸ್ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ನಾಕ ತಿಂಗಳಾತಲ್ರಿ ಅಕ್ಕಾರ" ಎಂದಳು.

"ಹೂಂ."

"ಅಣ್ಣಾರಿಗೆ ಗೊತ್ತೈತೇನ್ರಿ?"

"ಇಲ್ಲ."

"ಹಂಗಾರ ಮದ್ಲ ಅವರಿಗೆ ಹೇಳ್ರಿ. ನಾ ಹೋಗಿದ್ದು ಅವರ ಮಾತಿನ ಮ್ಯಾಲ. ಆಪರೇಷನ್ ಮಾಡಸ್ಕೋ ಅನ್ನೂದೂ ಅವರ ಬಾಯಿಂದನ ಬರ್ಲಿ. ನಿಮ್ಮ ಮಾತು ನಾ ಹ್ಯಾಂಗ ನಂಬ್ಲಿ?"

ಅದು ನ್ಯಾಯವಾದ ಮಾತು. ಅವಳನ್ನು ಅಲ್ಲೇ ಕೂರಿಸಿ, ಆಟೋ ಹಿಡಿದು ಅಂಗಡಿಗೆ ಹೋದೆ. ನಮ್ಮವರು ಗಾಜಿನ ಮೇಲೆ ಸ್ಕೇಲು ಇಟ್ಟು ಗೀರು ಹಾಕುತ್ತಿದ್ದರು. "ರೀ, ಅದನ್ನ ಕೆಳಗಿಡಿ" ಎಂದೆ. ಇಟ್ಟರು. ಹೇಳಿದೆ. ಹೇಳುವಾಗ ಅಮ್ಮನ ಫೋಟೋ ಕಡೆ ನೋಡಲಾಗದೆ ಬೀದಿಯ ಕಡೆ ನೋಡುತ್ತಿದ್ದೆ.

ಅವರು ಗೀರು ಹಾಕಿದ್ದ ಗಾಜನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ ಕೇಳಿದರು, "ನಾನು ಒಳಗೆ ಬಂದಿದ್ರೆ?"

"ಆಪರೇಷನ್ ಬೇಡ ಅಂತಿದ್ರಿ."

"ಅಂತಿದ್ದೆ." ಸ್ಟೂಲಿನ ಮೇಲೆ ಕೂತರು. "ನನ್ ಕೈಯಾರೆ ನಿನ್ನ ಕಳ್ಕೋತಿದ್ದೆ ಕಣೇ. ಆ ಹೆಣ್ಮಗಳನ್ನೂ ನಾನೇ ಕರ್ಕೊಂಡೋದೆ." ನನ್ನ ಮೇಲೆ ಸಿಟ್ಟು ಬರಲಿ ಎಂದು ನಾನು ಬಯಸುತ್ತಿದ್ದೆ, ಅವರು ಅದನ್ನು ತಮ್ಮ ಮೇಲೆ ಎಳೆದುಕೊಂಡು ಕೂತರು. ನನ್ನ ಸುಳ್ಳಿಗೆ ಅವರು ಅಳುತ್ತಿದ್ದರು. ಶಟರ್ ಎಳೆದು, ಮನೆಗೆ ಬಂದು, ಶಾಂತವ್ವನ ಎದುರು ನೆಲದ ಮೇಲೆ ಕೂತು, "ತಾಯಿ, ನಡಿ ಆಸ್ಪತ್ರೆಗೆ. ನಾನೇ ಹೇಳ್ತಾ ಇದೀನಿ, ಮಾಡ್ಸ್ಕೋ" ಎಂದರು.

ಮಾಡಿಸಿಕೊಂಡಳು. ಮೊದಲು ಒಂದೇ ಕಡೆ ಇದ್ದದ್ದು ಅಷ್ಟರಲ್ಲಿ ಕರುಳಿನ ಮೇಲೆಲ್ಲ ಚೆಲ್ಲಿತ್ತು. ತೆಗೆಯುವಷ್ಟು ತೆಗೆದು, ಉಳಿದದ್ದಕ್ಕೆ ಕೀಮೋ ಎಂದರು. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಯಾವ ಡಾಕ್ಟರನ್ನೂ ಕೇಳಿಲ್ಲ. ಕೇಳುವ ಧೈರ್ಯವಿಲ್ಲ. ನಮ್ಮವರು ಈಗಲೂ ಅಮ್ಮನ ಗುಡಿಗೆ ಹೋಗುತ್ತಾರೆ, ಕೈ ಮುಗಿದು ಬರುತ್ತಾರೆ, ಏನನ್ನೂ ಕೇಳುವುದಿಲ್ಲ. ಅಂಗಡಿಯಲ್ಲಿ ಕಥೆ ಹೇಳುವುದು ನಿಂತಿದೆ. ನನ್ನ ಸ್ಕ್ಯಾನು ಇಲ್ಲಿಯ ತನಕ ಸ್ವಚ್ಛವಾಗಿಯೇ ಬರುತ್ತಿದೆ, ಪ್ರತಿ ಸಲ ಆ ಕಾಗದ ಕೈಗೆ ಬಂದಾಗ ನನಗೆ ನಾಚಿಕೆಯಾಗುತ್ತದೆ.

ಕೀಮೋಗೆ ಶಾಂತವ್ವನ ಜೊತೆ ನಾನೇ ಹೋಗುತ್ತೇನೆ. ಅವಳು ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಆ ನಾಲ್ಕು ತಿಂಗಳ ಮಾತನ್ನು ಅಂದಿನಿಂದ ಇವತ್ತಿನವರೆಗೂ ಎತ್ತಿಲ್ಲ. ಅಲ್ಲಿ ಒಂದೊಂದು ಸಲ ಒಬ್ಬೊಬ್ಬ ಡಾಕ್ಟರು. ಹೋದ ಸಲ ಬಂದವರು ಹೊಸಬರು, ಚಿಕ್ಕ ವಯಸ್ಸಿನ ಹೆಂಗಸು, ಎದುರಿಗೆ ಬೆಟ್ಟದಷ್ಟು ಫೈಲು. ಶಾಂತವ್ವನ ಚೀಟಿಗಳನ್ನು ತಿರುವಿ ಹಾಕುತ್ತಾ ಒಂದರ ಮೇಲೆ ಬೆರಳಿಟ್ಟು ನಿಲ್ಲಿಸಿದರು.

"ಆಪರೇಷನ್‌ಗೆ ಅಡ್ಮಿಟ್ ಆಗಿ ಅಂತ ಅವಾಗ್ಲೇ ಬರೆದಿದ್ದಾರಲ್ಲಮ್ಮಾ. ನಾಲ್ಕು ತಿಂಗಳು ಎಲ್ಲಿ ಹೋಗಿದ್ರಿ?"

ಶಾಂತವ್ವ ನನ್ನ ಕಡೆ ತಿರುಗಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಊರಾಗ ಸ್ವಲ್ಪ ಕೆಲಸ ಇತ್ರಿ ಮೇಡಂ."

"ಜೀವಕ್ಕಿಂತ ಕೆಲಸ ಹೆಚ್ಚಾ ನಿಮಗೆ? ಯಾರೂ ಹೇಳೋರು ಇರ್ಲಿಲ್ವಾ ಮನೇಲಿ?"

"ಇರಲಿಲ್ರಿ. ನನ್ನ ತಪ್ಪ ಐತ್ರಿ ಮೇಡಂ" ಎಂದು ಶಾಂತವ್ವ ಸೂಜಿ ಚುಚ್ಚಿದ್ದ ಕೈಯನ್ನೂ ಸೇರಿಸಿ ಕೈ ಮುಗಿದಳು.

ನಾನು ಪಕ್ಕದ ಸ್ಟೂಲಿನ ಮೇಲೆ ಅವಳ ನೀರಿನ ಬಾಟಲಿ ಹಿಡಿದು ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.